ಬಾಡಿಗೆ ಸೊನ್ನೆ, ಏರಿಯಾ ಸೊನ್ನೆ ಅಲ್ಲ

ಇಂಟರ್ನ್‌ಶಿಪ್ ಸೀಸನ್ ಬಂತು ಅಂದ್ರೆ ನಮ್ಮ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: "ಬೆಂಗಳೂರಲ್ಲಿ ಎರಡು ತಿಂಗಳಿಗೆ ರೂಮ್ ಸಿಗುತ್ತಾ?" ಎರಡೇ ತಿಂಗಳು ಅಂದ್ರೆ ಓನರ್‌ಗಳು ಮುಖ ತಿರುಗಿಸ್ತಾರೆ. ಅದಕ್ಕೇ ಈಗ ಇನ್ನೊಂದು ಐಡಿಯಾ ಓಡಾಡ್ತಿದೆ: ರೂಮ್ ಅದಲು ಬದಲು. ಮೈಸೂರಲ್ಲಿ ರೂಮ್ ಇರೋರಿಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್, ಬೆಂಗಳೂರಲ್ಲಿ ರೂಮ್ ಇರೋರಿಗೆ ಮೈಸೂರಲ್ಲಿ. ಓನರ್‌ಗೆ ಹೇಳಿ ಒಪ್ಪಿಸಿ, ತಮ್ಮ ತಮ್ಮ ಬಾಡಿಗೆ ತಾವೇ ಕಟ್ಕೊಂಡು, ಬೀಗದ ಕೈ ಮಾತ್ರ ಬದಲಾಯಿಸಿಕೊಳ್ಳೋದು.

ಐಡಿಯಾ ಚೆನ್ನಾಗಿದೆ, ನಾನೂ ಅದರ ಪರವೇ. ಆದ್ರೆ ನಾವು ಕೇಳೋ ಪ್ರಶ್ನೆಗಳು ತಪ್ಪು ಅನ್ಸುತ್ತೆ. ವೈಫೈ ಇದ್ಯಾ, ಗೀಸರ್ ಇದ್ಯಾ, ಬಾಲ್ಕನಿ ಫೋಟೋ ಕಳಿಸು. ಎಲ್ಲವೂ ಮನೆ ಬಗ್ಗೆ. 2006ರ 'ದಿ ಹಾಲಿಡೇ' ಸಿನಿಮಾದಲ್ಲಿ ಇಬ್ಬರು ಹೀಗೇ ಮನೆ ಬದಲಿಸಿಕೊಳ್ತಾರೆ, ಆದ್ರೆ ಅವರು ರಜೆಗೆ ಹೋದವರು. ನಾವು ದಿನಾ ಬೆಳಿಗ್ಗೆ ಎದ್ದು ಆಫೀಸಿಗೆ ಓಡಬೇಕಾದವರು. ಹೆಚ್ಚಿನ ಬಾಡಿಗೆ ಇಲ್ಲ ಅಂದ ಮೇಲೆ ಎರಡು ರೂಮುಗಳ ನಡುವೆ ಉಳಿಯೋ ವ್ಯತ್ಯಾಸ ಅಂದ್ರೆ ಆ ಏರಿಯಾದಲ್ಲಿ ದಿನ ಕಳೆಯೋಕೆ ಆಗೋ ಖರ್ಚು.

ಒಂದು ಲೆಕ್ಕ ನೋಡೋಣ. ರೂಮ್ ಕೆಂಗೇರಿಯಲ್ಲಿ, ಆಫೀಸ್ ವೈಟ್‌ಫೀಲ್ಡ್‌ನಲ್ಲಿ. ನೇರಳೆ ಮಾರ್ಗದ ಒಂದೇ ಮೆಟ್ರೋ, ಎಲ್ಲೂ ಬದಲಿಸೋ ಹಾಗಿಲ್ಲ. ಆದ್ರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿ ಆಯ್ತು. ಹೋಗಿ ಬರೋಕೆ 180. ತಿಂಗಳಿಗೆ 22 ದಿನ ಅಂದ್ರೆ 3,960. ಸ್ಮಾರ್ಟ್ ಕಾರ್ಡ್‌ನ ಶೇ. 5 ರಿಯಾಯಿತಿ ಕಳೆದ್ರೂ 3,762. ಮನೆಯಿಂದ ಆಫೀಸಿಗೆ ಒಂದೂವರೆ ಗಂಟೆ ಅಂತ ಇಟ್ಕೊಂಡ್ರೆ ತಿಂಗಳಿಗೆ 66 ಗಂಟೆ ಬರೀ ಓಡಾಟ. ಸ್ಟೈಪೆಂಡ್ ಸಿಗದ ಇಂಟರ್ನ್‌ಶಿಪ್ ಆದ್ರೆ ಇದೆಲ್ಲ ಅಪ್ಪ ಅಮ್ಮನ ಜೇಬಿಂದ. ಅದೇ ರೂಮ್ ಜಯನಗರದಲ್ಲಿ, ಆಫೀಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ರೆ ಕಥೆಯೇ ಬೇರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಒಮ್ಮೆ ಟ್ರೈನ್ ಬದಲಿಸಿದ್ರೆ ಮುಗೀತು.

ಆಮೇಲೆ ಊಟ. ಬಸವನಗುಡಿ, ಮಲ್ಲೇಶ್ವರದ ಕಡೆ ಕೆಳಗಿಳಿದ್ರೆ ದರ್ಶಿನಿ, ನಾಲ್ಕು ಹೆಜ್ಜೆಗೆ ತರಕಾರಿ ಮಾರ್ಕೆಟ್. ಹೊಸ ಅಪಾರ್ಟ್‌ಮೆಂಟ್‌ಗಳೇ ತುಂಬಿರೋ ಏರಿಯಾದಲ್ಲಿ ಹೆಚ್ಚು ಕಮ್ಮಿ ಎಲ್ಲಾನೂ ಆ್ಯಪ್‌ನಲ್ಲೇ ತರಿಸಬೇಕು, ಡೆಲಿವರಿ ಚಾರ್ಜ್ ಸೇರಿಸಿ. ನೀರನ್ನಂತೂ ಕೇಳಲೇಬೇಕು: ಕಾವೇರಿನಾ, ಬೋರಾ, ಟ್ಯಾಂಕರಾ? 2024ರ ಬೇಸಿಗೆಯಲ್ಲಿ ಟ್ಯಾಂಕರ್ ರೇಟ್ ಎಷ್ಟು ಏರಿತ್ತು ಅಂದ್ರೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯ್ತು. ಎರಡು ತಿಂಗಳ ಟ್ಯಾಂಕರ್ ಬಿಲ್ಲು ಯಾರ ತಲೆಗೆ ಅಂತ ಮೊದಲೇ ಮಾತಾಡಿಕೊಳ್ಳದೆ ಇದ್ರೆ ಫ್ರೆಂಡ್‌ಶಿಪ್‌ಗೇ ಕುತ್ತು.

ಇನ್ನೊಂದು ಖರ್ಚಿದೆ, ಅದು ಎಲ್ಲರಿಗೂ ಸಮ ಅಲ್ಲ. "ಸ್ಟೇಷನ್‌ನಿಂದ ಒಂದೂವರೆ ಕಿಲೋಮೀಟರ್, ನಡ್ಕೊಂಡು ಹೋಗ್ಬಹುದು" ಅಂತ ಹುಡುಗರು ಸಲೀಸಾಗಿ ಬರೀತಾರೆ. ರಾತ್ರಿ ಒಂಬತ್ತಕ್ಕೆ, ಬೀದಿ ದೀಪ ಇಲ್ಲದ ರಸ್ತೆಯಲ್ಲಿ ನಾನು ನಡೆಯಲ್ಲ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸಾಮಾನ್ಯ ಬಸ್ಸು ನಮಗೆ ಫ್ರೀ, ನಿಜ. ಆ ಹೊತ್ತಿಗೆ ಆ ರಸ್ತೆಗೆ ಬಸ್ ಬರಬೇಕಲ್ಲ? ಆಟೋದ ಮಿನಿಮಮ್ 36 ರೂಪಾಯಿ, 22 ದಿನಕ್ಕೆ 792. ಅದೂ ಮೀಟರ್ ಹಾಕಿದ್ರೆ. ದುಡ್ಡಾದ್ರೂ ಹೇಗೋ ಹೊಂದಿಸಬಹುದು. "ಆ ಏರಿಯಾ ಬೇಡ" ಅಂತ ಮನೇಲಿ ಅಂದ್ರೆ ಇಂಟರ್ನ್‌ಶಿಪ್ಪೇ ಹೋಯ್ತು. ಅದಕ್ಕೇ ಹುಡುಗಿಯರು ರಸ್ತೆ ಬಗ್ಗೆ ನೂರೆಂಟು ಪ್ರಶ್ನೆ ಕೇಳಿದ್ರೆ ಅದನ್ನ ನಖರಾ ಅನ್ಬೇಡಿ.

ಅದಲು ಬದಲು ಅಂದ ಮೇಲೆ ಆ ಕಡೆಯವರ ಪಾಡನ್ನೂ ನೋಡ್ಬೇಕು. ಮೈಸೂರಲ್ಲಿ ಮೆಟ್ರೋ ಇಲ್ಲ. ನಿಮ್ಮ ರೂಮ್ ಸರಸ್ವತಿಪುರಂನಲ್ಲಿ, ಅವರ ಆಫೀಸ್ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಅಂದ್ರೆ ಅವರು ಸಿಟಿ ಬಸ್ಸನ್ನ ನಂಬಬೇಕು, ಇಲ್ಲಾ ಗಾಡಿ ಬೇಕು. ನಿಮ್ಮ ಸ್ಕೂಟರ್ ಸುಮ್ನೆ ನಿಂತಿರುತ್ತೆ ಅಂದ್ರೆ ಅದನ್ನೂ ಬೀಗದ ಕೈ ಜೊತೆ ಕೊಡಿ. ಡಿಎಲ್, ಇನ್ಶೂರೆನ್ಸ್ ಮಾತ್ರ ಸರಿಯಾಗಿರಲಿ. ಒಬ್ಬರ ಖರ್ಚು ತೀರಾ ಜಾಸ್ತಿ ಆಗ್ತಿದ್ರೆ ಇನ್ನೊಬ್ಬರು ಕರೆಂಟ್ ಬಿಲ್ಲೋ ನೀರಿನ ಬಿಲ್ಲೋ ವಹಿಸ್ಕೊಳ್ಳಲಿ.

ಹಾಗಾಗಿ ಬಾಲ್ಕನಿ ಫೋಟೋ ಕಳಿಸೋ ಮೊದಲು ಇಬ್ಬರೂ ಒಂದೊಂದು ಹಾಳೆ ಬರೆದು ಕಳಿಸಿ: ಆಫೀಸಿಗೆ ದಾರಿ, ಅದರ ದುಡ್ಡು, ಹಿಡಿಯೋ ಸಮಯ, ಊಟ, ನೀರು, ರಾತ್ರಿ ಒಂಬತ್ತರ ರಸ್ತೆ. ನಿಮ್ಮ ಏರಿಯಾದ ಕಷ್ಟವನ್ನ ಮುಚ್ಚಿಡಬೇಡಿ. ಅಲ್ಲಿ ವರ್ಷಗಟ್ಟಲೆ ಇರೋರು ನೀವು, ನಿಮಗೆ ಗೊತ್ತಿರೋದು ಯಾವ ಮ್ಯಾಪ್‌ಗೂ ಗೊತ್ತಿರಲ್ಲ.