ಇಬ್ಬರು ವರ್ತಕರು, ಒಂದು ಶಾಸನಸಭೆ



ನಮ್ಮ ಶಾಸಕರ ಪಟ್ಟಿ ತೆಗೆದು ನೋಡಿ. ಉದ್ಯೋಗ ಅನ್ನೋ ಕಡೆ ‘ಕೃಷಿ’ ಅಂತ ಬರೆಸಿದವರು ಕಡಿಮೆಯೇನಿಲ್ಲ. ಆದರೆ ಬೆಲೆಯ ಮಾತು, ಸಾಲದ ಮಾತು ಬಂದಾಗ ಅವರ ಬಾಯಿ ಯಾಕೆ ಕಟ್ಟಿಹೋಗುತ್ತದೆ? ಇದು ಇವತ್ತಿನ ಪ್ರಶ್ನೆಯಲ್ಲ. ಇನ್ನೂರು ವರ್ಷದ ಹಿಂದೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದದ್ದನ್ನು ಕೇಳಿ.

ಆಗ ಸಿಡ್ನಿ ಬ್ರಿಟಿಷರ ಕೈದಿಗಳ ವಸಾಹತು. ಶಿಕ್ಷೆ ಮುಗಿಸಿದ ಕೈದಿಗಳು ಹಾಕ್ಸ್‌ಬರಿ ಹೊಳೆಯ ದಂಡೆಯಲ್ಲಿ ತುಂಡು ಭೂಮಿ ಹಿಡಿದು ಗೋಧಿ, ಜೋಳ ಬೆಳೆಯುತ್ತಿದ್ದರು. ಬಂದರಿಗೆ ಬಂದ ಹಡಗಿನ ಸರಕನ್ನೆಲ್ಲ ಸೈನ್ಯದ ಅಧಿಕಾರಿಗಳೇ ಕೂಟ ಕಟ್ಟಿಕೊಂಡು ಕೊಳ್ಳುತ್ತಿದ್ದರು. ಕೊಂಡ ಬೆಲೆಯ ಹಲವು ಪಟ್ಟಿಗೆ ರೈತನಿಗೆ ಮಾರುತ್ತಿದ್ದರು. ಬೆಳೆಗೆ ದುಡ್ಡಿನ ಬದಲು ರಮ್ ಸಾರಾಯಿ ಕೊಡುತ್ತಿದ್ದರು. ಸಾಲ ಬೆಳೆಯಿತು, ಭೂಮಿ ಅಧಿಕಾರಿಗಳ ಕೈಸೇರಿತು.

ಈ ಕೂಟದ ದೊಡ್ಡ ತಲೆ ಜಾನ್ ಮೆಕಾರ್ಥರ್. ಸೈನ್ಯಾಧಿಕಾರಿ, ವರ್ತಕ, ಕುರಿಸಾಕಣೆಯ ದೊಡ್ಡ ಜಮೀನುದಾರ. ಇದಕ್ಕೆ ಎದುರಾಗಿ ನಿಂತವನು ರಾಬರ್ಟ್ ಕ್ಯಾಂಪ್‌ಬೆಲ್. 1769ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅಣ್ಣನ ವ್ಯಾಪಾರ ಸೇರಿ, 1798ರಲ್ಲಿ ಸಿಡ್ನಿಗೆ ಬಂದ. ಸ್ವಂತ ಕಟ್ಟೆ, ಗೋದಾಮು ಕಟ್ಟಿ, ಬಂಗಾಳದ ಸರಕು ತರಿಸಿ, ಸಣ್ಣ ರೈತರಿಗೆ ಉದ್ರಿ ಕೊಟ್ಟ. ಆತನೇನು ಧರ್ಮಛತ್ರ ನಡೆಸಲಿಲ್ಲ, ಲಾಭಕ್ಕೇ ಕೂತವನು. ಆದರೂ ಪೇಟೆಯಲ್ಲಿ ಎರಡನೇ ಅಂಗಡಿ ತೆರೆದದ್ದೇ ತಡ, ಕೂಟದ ಹಿಡಿತ ಸಡಿಲಾಯಿತು. ನೀನಿಲ್ಲದಿದ್ದರೆ ಸುಲಿಗೆಗೆ ತುತ್ತಾಗುತ್ತಿದ್ದೆವು ಎಂಬರ್ಥದಲ್ಲಿ ರೈತರೇ ಅವನಿಗೆ ಕೃತಜ್ಞತೆಯ ಪತ್ರ ಬರೆದುಕೊಟ್ಟರು.

1806ರ ಮಾರ್ಚಿಯಲ್ಲಿ ಹಾಕ್ಸ್‌ಬರಿ ಉಕ್ಕಿ ಬೆಳೆ, ದನ, ಕಣಜ ಕೊಚ್ಚಿಹೋದವು. ಗೋಧಿ ಬೆಲೆ ಗಗನಕ್ಕೇರಿತು. ಆ ಊರಿನ ಆಂಡ್ರ್ಯೂ ಥಾಂಪ್ಸನ್ ಎಂಬವನ ಸಾಲಪತ್ರವೊಂದು ಮೆಕಾರ್ಥರನ ಕೈಯಲ್ಲಿತ್ತು. ಪತ್ರದಲ್ಲಿ ಸಾಲ ಬರೆದದ್ದು ದುಡ್ಡಿನಲ್ಲಲ್ಲ, ಗೋಧಿಯ ಅಳತೆಯಲ್ಲಿ. ‘ಅಷ್ಟೂ ಗೋಧಿ ಅಳೆದು ಕೊಡು’ ಅಂತ ಮೆಕಾರ್ಥರ್ ಪಟ್ಟು ಹಿಡಿದ. ಕೊಟ್ಟದ್ದು ಅಗ್ಗದ ಕಾಲದ ಲೆಕ್ಕ, ಕೇಳಿದ್ದು ಬರಗಾಲದ ಲೆಕ್ಕ! ನ್ಯಾಯಾಲಯ ಒಪ್ಪಲಿಲ್ಲ. 1807ರಲ್ಲಿ ಗವರ್ನರ್ ಬ್ಲೈ ಮೇಲ್ಮನವಿಯನ್ನೂ ತಳ್ಳಿಹಾಕಿದ. ಸಾರಾಯಿ ಕೊಟ್ಟು ಬೆಳೆ ಕೊಳ್ಳುವುದನ್ನೂ ಆತ ನಿಷೇಧಿಸಿದ್ದ. 1808ರ ಜನವರಿ 26ರಂದು ಸೈನ್ಯ ದಂಗೆಯೆದ್ದು ಗವರ್ನರನನ್ನೇ ಬಂಧಿಸಿತು. ದಂಗೆಕೋರರ ಆಡಳಿತದಲ್ಲಿ ಮೆಕಾರ್ಥರ್ ಕಾರ್ಯದರ್ಶಿಯಾದ. ಗವರ್ನರನ ಪರ ನಿಂತ ಕ್ಯಾಂಪ್‌ಬೆಲ್ ಹುದ್ದೆ ಕಳೆದುಕೊಂಡ. ಸಾಕ್ಷಿ ಹೇಳಲು ಇಂಗ್ಲೆಂಡಿಗೆ ಹೋಗಿ 1815ರಲ್ಲಿ ವಾಪಸಾಗುವ ಹೊತ್ತಿಗೆ ಅವನ ವ್ಯಾಪಾರ ಹಾಳುಬಿದ್ದಿತ್ತು.

ಪ್ರವಾಹದ ವರ್ಷ ಧಾನ್ಯ ತರಲು ಸರ್ಕಾರ ಗೊತ್ತುಮಾಡಿದ್ದ ಅವನ ಹಡಗು ದಾರಿಯಲ್ಲೇ ಒಡೆದಿತ್ತು. ಅದರ ಪರಿಹಾರವಾಗಿ ಬಹು ವರ್ಷದ ಮೇಲೆ ಭೂಮಿ, ಕುರಿ ಸಿಕ್ಕವು. 1825ರಲ್ಲಿ ಅವನ ಮೇಸ್ತ್ರಿ ಕುರಿ ಹೊಡೆದುಕೊಂಡು ಹೋಗಿ ಡಂಟ್ರೂನ್ ಕೃಷಿಕ್ಷೇತ್ರ ಕಟ್ಟಿದ. ಇಂದಿನ ರಾಜಧಾನಿ ಕ್ಯಾನ್‌ಬೆರಾ ಇರುವುದು ಅಲ್ಲೇ. ಆ ನೆಲದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಎಂಬುದನ್ನೂ ಮರೆಯಬಾರದು. ಕೊಟ್ಟ ಸರ್ಕಾರದ್ದಾಗಲಿ, ಪಡೆದ ಕ್ಯಾಂಪ್‌ಬೆಲ್‌ನದ್ದಾಗಲಿ ಅಲ್ಲದ ಭೂಮಿ ಅದು.

ಈಗ ಮುಖ್ಯ ಮಾತಿಗೆ ಬರೋಣ. ಅದೇ 1825ರಲ್ಲಿ ವಸಾಹತಿನ ಶಾಸನಸಭೆಗೆ ಸರ್ಕಾರ ಹೊರಗಿನ ಸದಸ್ಯರನ್ನು ನೇಮಿಸಿತು. ಯಾರನ್ನು? ಮೆಕಾರ್ಥರನನ್ನೂ, ಕ್ಯಾಂಪ್‌ಬೆಲ್‌ನನ್ನೂ! ಸುಲಿದವನಿಗೂ ಪೀಠ, ತಡೆದವನಿಗೂ ಪೀಠ. ಗೋಧಿ ಬೆಳೆದ ಹಾಕ್ಸ್‌ಬರಿಯ ರೈತನಿಗೆ ಮಾತ್ರ ಪೀಠವೂ ಇಲ್ಲ, ಮತವೂ ಇಲ್ಲ. ಕ್ಯಾಂಪ್‌ಬೆಲ್ 1843ರವರೆಗೆ ಸಭೆಯಲ್ಲಿದ್ದು, 1846ರಲ್ಲಿ ಡಂಟ್ರೂನಿನಲ್ಲೇ ತೀರಿಕೊಂಡ.

ನಮಗೆ ಮತವಿದೆ. ಆದರೂ ಗೊಬ್ಬರ, ಬೀಜ ಉದ್ರಿ ಕೊಟ್ಟವನ ಮಂಡಿಗೇ ಮಾಲು ಹೊತ್ತು ಹಾಕುವವರು ನಮ್ಮಲ್ಲಿ ಎಷ್ಟು ಮಂದಿ? ತೂಕ ಅವನದು, ಬೆಲೆ ಅವನದು, ಬಡ್ಡಿಯ ಲೆಕ್ಕವೂ ಅವನದು. ಧಾರಣೆ ಏರಿದಾಗ ಮಾಲು ಕೇಳುತ್ತಾನೆ, ಬಿದ್ದಾಗ ದುಡ್ಡು ಕೇಳುತ್ತಾನೆ. ಅಳತೆ ಯಾವುದೆಂದು ಹೇಳುವ ಹಕ್ಕು ಸಾಲಗಾರನ ಕೈತಪ್ಪಿದ ದಿನವೇ ಅವನ ಜಮೀನು ಅರ್ಧ ಹೋದಂತೆ.

ಒಳ್ಳೇ ಸಾಹುಕಾರ ಸಿಗಲಿ ಅಂತ ಹರಕೆ ಹೊತ್ತರೆ ಸಾಲದು. ಕ್ಯಾಂಪ್‌ಬೆಲ್ ಸಮುದ್ರದಾಚೆ ಹೋದಾಗ ಅವನನ್ನು ನಂಬಿದ್ದ ರೈತನಿಗೆ ಯಾರಿದ್ದರು? ನಮ್ಮ ಎರಡನೇ ಅಂಗಡಿ ನಮ್ಮ ಸಹಕಾರ ಸಂಘವೇ ಆಗಬೇಕು, ಅದರ ಲೆಕ್ಕದ ಪುಸ್ತಕ ನಮ್ಮ ಕಣ್ಣ ಮುಂದೆ ಇರಬೇಕು. ಇನ್ನು ವೋಟು ಕೇಳೋಕೆ ಬರುವವರು ‘ನಾನೂ ರೈತನ ಮಗ’ ಅಂದರೆ ಒಂದೇ ಪ್ರಶ್ನೆ ಹಾಕಿ: ಸ್ವಾಮಿ, ಸಾಲಪತ್ರ ಯಾರ ಕೈಯಲ್ಲಿದ್ದಾಗ ನೀವು ಯಾರ ಕಡೆ ನಿಂತಿದ್ದಿರಿ?