ರಾಶಿ ಹೊತ್ತಿನ ಮಳೆ: ನಿಂತ ಬೆಳೆಗೆ ಪರಿಹಾರ, ಕೊಯ್ದ ಬೆಳೆಗೆ 72 ಗಂಟೆ, ಅಂಗಡಿ ಉದ್ರಿಗೆ ಏನೂ ಇಲ್ಲ

ಬಸವಕಲ್ಯಾಣ/ಹುಮನಾಬಾದ್: ಜೋಳ ಬಲಿತು ನಿಂತಿದೆ. ಕಡಲೆ ಕಿತ್ತು ಹೊಲದಲ್ಲೇ ಒಣಗಲು ಬಿಡುವ ಕಾಲ. ಮಾವಿನ ಮರದಲ್ಲಿ ಕಾಯಿ ಕಚ್ಚುತ್ತಿದೆ. ಇಂಥ ದಿನಗಳಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಪ್ಪಾದರೆ ಹೊಲದಲ್ಲಿ ಇದ್ದವರಷ್ಟೇ ಅಲ್ಲ, ಗಂಜ್‌ನಲ್ಲಿ ಕೂತವರೂ ಮೇಲೆ ನೋಡ್ತಾರೆ. ಜೂನ್‌ನಲ್ಲಿ ಮಿರಗದ ಮಳೆಗೆ ದಾರಿ ಕಾಯುವ ಜನವೇ ಫೆಬ್ರುವರಿ, ಮಾರ್ಚ್‌ನಲ್ಲಿ ‘ಇನ್ನೊಂದು ಹದಿನೈದು ದಿನ ಬ್ಯಾಡಪ್ಪ’ ಅನ್ನೋ ಸ್ಥಿತಿ ಬಂದಿದೆ.

ಮಳೆ ಬಂದು ಹೋದ ಮೇಲೆ ಎಲ್ಲರೂ ಕೇಳೋದು ‘ಎಷ್ಟು ಬಿತ್ತು?’ ಅಂತ. ನಷ್ಟದ ಲೆಕ್ಕಕ್ಕೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಮಳೆ ಬಿದ್ದಾಗ ಬೆಳೆ ಎಲ್ಲಿತ್ತು? ಬೇರಿನ ಮೇಲೆ ನಿಂತಿತ್ತಾ, ಕೊಯ್ದು ಹೊಲದಲ್ಲಿ ಬಿದ್ದಿತ್ತಾ, ಚೀಲ ತುಂಬಿ ಅಂಗಡಿ ಸೇರಿತ್ತಾ? ಮೂರಕ್ಕೂ ಸರ್ಕಾರದ ಲೆಕ್ಕ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೈಗೆ ಬರಬೇಕಾದ ದುಡ್ಡೂ ತಪ್ಪಿ ಹೋಗುತ್ತದೆ.

ವರ್ಷಕ್ಕೆ ಮೂರು ಸಲ ಎದೆಬಡಿತ

ಎರಡೂ ತಾಲ್ಲೂಕುಗಳಲ್ಲಿ ಮಳೆ ಬೇಡವಾಗುವ ಕಾಲ ವರ್ಷಕ್ಕೆ ಮೂರು ಸಲ ಬರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಹೆಸರು, ಉದ್ದು ರಾಶಿಗೆ ಬರುತ್ತವೆ. ಆಗ ನಾಲ್ಕು ದಿನ ಬಿಡದೆ ಹನಿ ಹಿಡಿದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಸೋಯಾ ಸರದಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಿಂಗಾರಿ ಜೋಳ, ಕಡಲೆ, ಮಾವು. ತೊಗರಿ ರಾಶಿ ಡಿಸೆಂಬರ್, ಜನವರಿಗೆ ಬೀಳೋದರಿಂದ ಬಹುತೇಕ ಬಚಾವಾಗುತ್ತದೆ. ಆದರೆ ಹೂವಿನ ಹೊತ್ತಿಗೆ ಮೋಡ, ಮಂಜು ಕವಿದರೆ ಅದಕ್ಕೂ ಪೆಟ್ಟು.

2025ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮಳೆ ಮೊದಲ ಎರಡೂ ಕಾಲಕ್ಕೆ ಸರಿಯಾಗಿ ಹೊಡೆಯಿತು. ಮಾಂಜ್ರಾ ದಂಡೆಯ ಹೊಲಗಳಿಗೆ ನೀರು ನುಗ್ಗಿತು. ದಂಡೆಯಿಂದ ದೂರ ಇದ್ದ ಹೊಲಗಳಲ್ಲಿ ಬೆಳೆ ಕೊಚ್ಚಿಕೊಂಡು ಹೋಗದಿದ್ದರೂ ತೇವದಲ್ಲಿ ನಿಂತು ಕಪ್ಪಾಯಿತು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ವೈಮಾನಿಕ ಸಮೀಕ್ಷೆ ನಡೆಸಿ ಹೆಚ್ಚುವರಿ ಪರಿಹಾರ ಘೋಷಿಸಿದರು.

ಬೇಸಿಗೆ ಬಾಗಿಲಿನ ಆಲಿಕಲ್ಲು ಮಳೆಯೂ ಈ ಭಾಗಕ್ಕೆ ಹೊಸದಲ್ಲ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮರಾಠವಾಡಾ, ವಿದರ್ಭ, ಉತ್ತರ ಕರ್ನಾಟಕ, ತೆಲಂಗಾಣ ಭಾಗದಲ್ಲಿ ಬಿದ್ದ ಆಲಿಕಲ್ಲು ಹಿರಿಯರಿಗೆ ಇನ್ನೂ ನೆನಪಿದೆ. 2023ರ ಮಾರ್ಚ್ ಮಧ್ಯದಲ್ಲೂ ಬೀದರ್, ಕಲಬುರಗಿ ಮತ್ತು ಪಕ್ಕದ ತೆಲಂಗಾಣದ ಹೊಲಗಳು ಆಲಿಕಲ್ಲಿನಿಂದ ಬೆಳ್ಳಗಾಗಿದ್ದವು. ಇದಕ್ಕೆ ಕಾರಣವೂ ಇದೆ. ಬಿಸಿಲೇರಿದ ನೆಲದ ಗಾಳಿ ರಭಸದಿಂದ ಮೇಲೇಳುತ್ತದೆ. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ತೇವದ ಗಾಳಿ ಮರಾಠವಾಡಾ ಹಾಗೂ ಉತ್ತರ ಒಳನಾಡಿನ ಮೇಲೆ ಬಂದು ಸೇರುತ್ತದೆ. ಮೇಲಕ್ಕೆ ಹೋದ ಹನಿ ಹೆಪ್ಪುಗಟ್ಟಿ ಕಲ್ಲಾಗಿ ಬೀಳುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಬೀದರ್ ಪ್ರಸ್ಥಭೂಮಿ ಈ ಗಾಳಿಗಳ ದಾರಿಯಲ್ಲೇ ಇದೆ.

ನಿಂತ ಬೆಳೆ: ಎಕರೆಗೆ ಎಷ್ಟು?

ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಾತ್ರ ಪರಿಹಾರ. 2025-26ರವರೆಗಿನ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000 ರೂ., ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂ. ಗರಿಷ್ಠ ಮಿತಿ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ. 2025ರ ಮುಂಗಾರು ಹಾನಿಗೆ ರಾಜ್ಯ ಸರ್ಕಾರ ಮೂರಕ್ಕೂ 8,500 ರೂ. ಸೇರಿಸಿ ಕ್ರಮವಾಗಿ 17,000, 25,500, 31,000 ರೂ. ಮಾಡಿತು. ಅದು ಆ ಹಂಗಾಮಿನ ಘೋಷಣೆ. ಮುಂದಿನ ಸಲವೂ ಅಷ್ಟೇ ಸಿಗುತ್ತದೆ ಅಂತ ಲೆಕ್ಕ ಹಾಕುವಂತಿಲ್ಲ.

ಇದನ್ನು ಎಕರೆಗೆ ಇಳಿಸಿದರೆ ಕೇಂದ್ರದ ದರ ಸುಮಾರು 3,440 ರೂ., ರಾಜ್ಯದ ಪಾಲು ಸೇರಿದರೆ ಸುಮಾರು 6,880 ರೂ. 2025-26ರಲ್ಲಿ ಸೋಯಾ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂ. ಅಂದರೆ ಕೇಂದ್ರದ ಪರಿಹಾರ ಒಂದು ಕ್ವಿಂಟಲ್ ಸೋಯಾಕ್ಕೂ ಸಮ ಆಗೋದಿಲ್ಲ. ಬೀಜ, ಗೊಬ್ಬರ, ಎಣ್ಣೆ ಸಿಂಪಡಣೆ, ಆಳು, ಮಷಿನ್ ಬಾಡಿಗೆ ಕೊಟ್ಟವರಿಗೆ ಈ ದುಡ್ಡು ಎಲ್ಲಿಗೆ ಸಾಕಾಗುತ್ತದೆ ಅನ್ನೋದು ಬಿಡಿಸಿ ಹೇಳಬೇಕಿಲ್ಲ.

ಗಡಿಯಾಚೆಗೆ ಲೆಕ್ಕ ಬೇರೆ. ಅದೇ ಮಳೆ ಮರಾಠವಾಡಾದಲ್ಲೂ ಸುರಿದಿತ್ತು. 2025ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 18,500 ರೂ.ನಂತೆ 3 ಹೆಕ್ಟೇರ್‌ವರೆಗೆ ಕೊಡುವುದಾಗಿ ಘೋಷಿಸಿತು. ದರದಲ್ಲಿ ದೊಡ್ಡ ಅಂತರ ಇಲ್ಲ, ಮಿತಿಯಲ್ಲಿ ಇದೆ. ಏಳೆಂಟು ಎಕರೆ ಇರುವ ರೈತನಿಗೆ ಆ ಒಂದು ಹೆಕ್ಟೇರ್ ವ್ಯತ್ಯಾಸವೇ ದೊಡ್ಡದು.

ಇದಕ್ಕಿಂತ ದೊಡ್ಡ ಸಮಸ್ಯೆ ಶೇ 33ರ ಅಳತೆಯಲ್ಲಿದೆ. ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಪ್ರವಾಹ, ಆಲಿಕಲ್ಲು, ಮೇಘಸ್ಫೋಟ ಇವೆ. ‘ಅಕಾಲಿಕ ಮಳೆ’ ಅಂತ ಪ್ರತ್ಯೇಕ ಹೆಸರಿಲ್ಲ. ಆಲಿಕಲ್ಲು ಬಿದ್ದರೆ ಹಾನಿ ಕಣ್ಣಿಗೆ ಕಾಣುತ್ತದೆ, ಫೋಟೊ ಬರುತ್ತದೆ, ಅಧಿಕಾರಿಗಳು ಬರುತ್ತಾರೆ. ರಾಶಿ ಹೊತ್ತಿಗೆ ಎರಡು ದಿನ ಜಿಟಿಜಿಟಿ ಹಿಡಿದು ಬಿಟ್ಟರೆ ಹಾಗಲ್ಲ. ಬೆಳೆ ಅಲ್ಲೇ ನಿಂತಿರುತ್ತದೆ, ತೂಕವೂ ಹೆಚ್ಚು ಇಳಿಯೋದಿಲ್ಲ. ಆದರೆ ಜೋಳ ಕಪ್ಪಾಗಿರುತ್ತದೆ, ಕಣಕಿ ದನ ಮೂಸದಂಗೆ ಆಗಿರುತ್ತದೆ, ಕಡಲೆ ಬಣ್ಣ ಹೋಗಿರುತ್ತದೆ. ಇದು ಇಳುವರಿ ನಷ್ಟ ಅಲ್ಲ, ದರದ ನಷ್ಟ. ಸಮೀಕ್ಷೆ ಇಳುವರಿ ನೋಡುತ್ತದೆ, ಪೇಟೆ ಬಣ್ಣ ನೋಡುತ್ತದೆ. ರೈತ ಎರಡರ ನಡುವೆ ಸಿಕ್ಕಿಬೀಳ್ತಾನೆ.

ಪಾಲಿಗೆ ಹೊಲ ಮಾಡುವವರದ್ದು ಇನ್ನೊಂದು ಗೋಳು. ಪರಿಹಾರ ಪಹಣಿಯಲ್ಲಿ ಹೆಸರಿರುವವರ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬೆವರು ಸುರಿಸಿದವರಿಗೆ ಅದು ಸಿಗಬೇಕಾದರೆ ಮಾಲೀಕರ ಒಳ್ಳೆತನವೇ ಆಧಾರ.

ಕೊಯ್ದ ಬೆಳೆ: ಗಡಿಯಾರ ನೋಡಬೇಕು

ಫಸಲ್ ಬಿಮಾ ಮಾಡಿಸಿದವರಿಗೆ ಇಲ್ಲಿ ಒಂದು ದಾರಿ ಇದೆ, ಬಹಳ ಜನ ಬಳಸೋದಿಲ್ಲ. ಬೆಳೆ ಕೊಯ್ದು ಒಣಗಲು ಹೊಲದಲ್ಲೇ ಹರವಿಟ್ಟಾಗ ಅಥವಾ ಸಣ್ಣ ಸಿವುಡು ಕಟ್ಟಿಟ್ಟಾಗ ಅಕಾಲಿಕ ಮಳೆ, ಆಲಿಕಲ್ಲು, ಚಂಡಮಾರುತದ ಮಳೆಯಿಂದ ಹಾಳಾದರೆ ಕೊಯ್ಲಿನಿಂದ 14 ದಿನದವರೆಗೆ ವಿಮೆ ಅನ್ವಯ ಆಗುತ್ತದೆ. ಇದಕ್ಕೆ ಇಡೀ ಪಂಚಾಯಿತಿಯ ಸರಾಸರಿ ಇಳುವರಿಗೆ ಕಾಯಬೇಕಿಲ್ಲ, ಆ ಹೊಲದ ಹಾನಿಯನ್ನೇ ನೋಡುತ್ತಾರೆ. ನಿಂತ ಬೆಳೆಗೆ ಆಲಿಕಲ್ಲು ಬಿದ್ದರೂ ಹೀಗೇ.

ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಲೇಬೇಕು. ಸಹಾಯವಾಣಿ 14447, ಬೆಳೆ ವಿಮೆ ಆ್ಯಪ್, ವಿಮೆ ಮಾಡಿಸಿದ ಬ್ಯಾಂಕ್ ಅಥವಾ ರೈತ ಸಂಪರ್ಕ ಕೇಂದ್ರ, ಯಾವುದಾದರೂ ಸರಿ. ದೂರು ಕೊಟ್ಟ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬಹಳ ಕಡೆ ಆಗೋದು ಏನು? ಮೊದಲ ದಿನ ಮಳೆ ನಿಲ್ಲಲಿ ಅಂತ ಕಾಯ್ತಾರೆ, ಎರಡನೇ ದಿನ ತೊಯ್ದ ಬೆಳೆ ಹೊರಳಿ ಹಾಕ್ತಾರೆ, ಮೂರನೇ ದಿನ ಮನವಿ ಪತ್ರ ಬರೆಸ್ತಾರೆ, ನಾಲ್ಕನೇ ದಿನ ತಹಶೀಲ್ದಾರ್ ಕಚೇರಿಗೆ ಹೋಗ್ತಾರೆ. ಅಷ್ಟೊತ್ತಿಗೆ ವಿಮೆಯ ಗಡುವು ಮುಗಿದಿರುತ್ತದೆ. 

ಇನ್ನೊಂದು ಎಡವಟ್ಟು ಬೆಳೆ ಸಮೀಕ್ಷೆಯದ್ದು. ವಿಮೆ ಕಡಲೆಗೆ ಮಾಡಿಸಿ, ಸಮೀಕ್ಷೆಯಲ್ಲಿ ಜೋಳ ಅಂತ ದಾಖಲಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಸಮೀಕ್ಷೆ ನಡೆಯುವಾಗಲೇ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರ್ ನೋಡಿ ತಪ್ಪಿದ್ದರೆ ಆಕ್ಷೇಪಣೆ ಹಾಕೋದು ಹತ್ತು ನಿಮಿಷದ ಕೆಲಸ. ವಿಮೆಯ ರೈತ ಪಾಲು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5 ಮಾತ್ರ. ಕಟ್ಟೋದು ಹಗುರ, ಕಾಗದ ಸರಿ ಇಟ್ಟುಕೊಳ್ಳೋದೇ ಭಾರ.

ಚೀಲ ತುಂಬಿದ ಮೇಲೆ

ರಾಶಿ ಮುಗಿದು ಮಾಲು ಚೀಲಕ್ಕೆ ಬಿತ್ತು ಅಂದರೆ ಬೆಳೆ ಪರಿಹಾರವೂ ಇಲ್ಲ, ಬೆಳೆ ವಿಮೆಯೂ ಇಲ್ಲ. ಅಲ್ಲಿಂದ ಮುಂದೆ ತೇವಾಂಶದ ಆಟ. ಬೆಂಬಲ ಬೆಲೆಯ ಸೋಯಾ ಖರೀದಿಗೆ ಶೇ 12ರಷ್ಟು ತೇವಾಂಶದ ಮಿತಿ ಇದೆ. 2024ರ ಮುಂಗಾರಿನಲ್ಲಿ ಕೇಂದ್ರ ಅದನ್ನು ಶೇ 15ಕ್ಕೆ ಸಡಿಲಿಸಿತ್ತು. ಶೇ 18 ತೇವ ಇರುವ 10 ಕ್ವಿಂಟಲ್ ಸೋಯಾ ಶೇ 12ಕ್ಕೆ ಒಣಗಿದರೆ ಉಳಿಯೋದು ಸುಮಾರು 9 ಕ್ವಿಂಟಲ್ 32 ಕೆ.ಜಿ. ರೈತ ಹಸಿ ಮಾಲು ತಂದರೆ ಅಡತಿಯವರು ದರ ಇಳಿಸ್ತಾರೆ. ಅಡತಿಯವರು ನೋಡದೆ ತಗೊಂಡರೆ ಆ 68 ಕೆ.ಜಿ. ಅವರ ತಲೆ ಮೇಲೆ. ಇಬ್ಬರ ನಡುವೆ ಜಗಳ ಶುರುವಾಗೋದು ಇಲ್ಲೇ. ಎರಡೂ ಕಡೆಯವರ ಕಣ್ಣೆದುರು ತೇವಾಂಶ ಮಾಪಕ ಹಚ್ಚಿದರೆ ಅರ್ಧ ಜಗಳ ಮುಗಿಯುತ್ತದೆ.

ಪೇಟೆಯ ನಷ್ಟ ಯಾವ ಸಮೀಕ್ಷೆಯಲ್ಲೂ ಬರೋದಿಲ್ಲ. ಬೀಜ-ಗೊಬ್ಬರದ ಅಂಗಡಿ, ಕಿರಾಣಿ, ಬಟ್ಟೆ ಅಂಗಡಿಗಳು ‘ರಾಶಿಗೆ ಕೊಡ್ತೀನಿ’ ಅನ್ನೋ ಮಾತಿನ ಮೇಲೆ ಉದ್ರಿ ಕೊಟ್ಟಿರುತ್ತವೆ. ರಾಶಿ ತೊಯ್ದರೆ ಉದ್ರಿಯೂ ತೊಯ್ದಂತೆ. ಸಗಟು ವ್ಯಾಪಾರಿ ಮಾತ್ರ ತನ್ನ ದುಡ್ಡಿಗೆ ಕಾಯೋದಿಲ್ಲ. ಬೇಸಿಗೆ ಮಳೆ-ಗಾಳಿ ಮದುವೆ ಸೀಸನ್ನಿನ ಶಾಮಿಯಾನದವರು, ಬಸವ ಜಯಂತಿ ಹೊತ್ತಿಗೆ ಬಸವಕಲ್ಯಾಣದಲ್ಲಿ ಅಂಗಡಿ ಹಾಕುವವರು, ಬಯಲಲ್ಲೇ ವೆಲ್ಡಿಂಗ್, ಪೇಂಟಿಂಗ್ ಮಾಡುವ ಲಾರಿ ಕೆಲಸಗಾರರು, ಹುಮನಾಬಾದ್ ಹೆದ್ದಾರಿ ಬದಿಯ ಹಣ್ಣಿನ ಗಾಡಿಗಳು, ಎಲ್ಲರ ದಿನದ ದುಡಿಮೆಯನ್ನೂ ಒಂದೇ ಸಂಜೆಯಲ್ಲಿ ತೊಳೆದು ಹಾಕುತ್ತದೆ.

ಉದ್ರಿಗೆ ವಿಮೆ ಇಲ್ಲ. ಮಾಲಿಗೆ ಇದೆ. 2021ರ ಏಪ್ರಿಲ್‌ನಿಂದ ಜಾರಿಯಾದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ 5 ಕೋಟಿ ರೂ.ವರೆಗಿನ ಆಸ್ತಿ ಇರುವ ಸಣ್ಣ ವ್ಯಾಪಾರಿಗಳಿಗೆ ಸಿಗುತ್ತದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಇದರಲ್ಲಿ ಸೇರಿವೆ. ಬ್ಯಾಂಕ್‌ನಿಂದ ಸಿಸಿ ಸಾಲ ತೆಗೆದವರು ತಮ್ಮ ಮಾಲಿನ ಮೇಲೆ ಬ್ಯಾಂಕ್ ವಿಮೆ ಮಾಡಿಸಿದೆಯಾ, ಅದರಲ್ಲಿ ನೆರೆ ಸೇರಿದೆಯಾ, ಗೋದಾಮಿನ ವಿಳಾಸ ಸರಿ ಇದೆಯಾ ಅಂತ ಒಮ್ಮೆ ಕೇಳಿ ನೋಡಬೇಕು.

ಬೇರೆ ಕಡೆ ಏನು ಮಾಡ್ತಾರೆ?

ಅಕಾಲಿಕ ಮಳೆ ಬೀದರ್‌ಗಷ್ಟೇ ಬರೋದಿಲ್ಲ. ಕೊಡಗು, ಚಿಕ್ಕಮಗಳೂರಿನಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಹಣ್ಣು ಕಣದಲ್ಲಿ ಹರವಿದಾಗ ಮಳೆ ಕಾಡುತ್ತದೆ. ವಿಜಯಪುರದಲ್ಲಿ ಒಣದ್ರಾಕ್ಷಿ ಮಾಡುವ ಹೊತ್ತಿಗೆ ಒಂದು ಮಳೆ ಬಿದ್ದರೂ ಹಣ್ಣಿನ ಬಣ್ಣ ಹೋಗುತ್ತದೆ. ಬೆಳೆ ಬೇರೆ ಆದರೂ ಪೆಟ್ಟು ಬೀಳೋದು ಒಣಗಿಸುವ ಹೊತ್ತಿಗೇ. ಅಲ್ಲಿನವರು ಅದಕ್ಕೆ ತಕ್ಕ ಖರ್ಚು ಮಾಡಿಕೊಂಡಿದ್ದಾರೆ. ಕಾಫಿಯವರಿಗೆ ಸಿಮೆಂಟ್ ಕಣ, ಹೊದಿಕೆ, ಕೆಲವರಿಗೆ ಡ್ರೈಯರ್. ದ್ರಾಕ್ಷಿಯವರಿಗೆ ಮೇಲೆ ಹೊದಿಕೆ ಇರುವ ಅಂತಸ್ತಿನ ಶೆಡ್.

ಅವು ದುಬಾರಿ ಬೆಳೆ, ನಮ್ಮ ಸೋಯಾ-ಕಡಲೆಗೆ ಒಬ್ಬೊಬ್ಬರೇ ಡ್ರೈಯರ್ ಹಾಕಲು ಆಗೋದಿಲ್ಲ ಅನ್ನೋದು ನಿಜ. ಹತ್ತು ಮನೆ ಸೇರಿ ಒಂದು ಸಿಮೆಂಟ್ ಕಣ ಮಾಡಿಕೊಳ್ಳಬಹುದು. ಉದ್ಯೋಗ ಖಾತ್ರಿಯಲ್ಲಿ ರಾಜ್ಯದ ಹಲವು ಕಡೆ ಒಕ್ಕಲು ಕಣ ಕಟ್ಟಿದ್ದಾರೆ. ರೈತ ಸಂಪರ್ಕ ಕೇಂದ್ರದಲ್ಲಿ ತಾಡಪತ್ರಿ ಸಬ್ಸಿಡಿಯಲ್ಲಿ ಕೊಡ್ತಾರೆ, ಆದರೆ ಮೋಡ ಕಟ್ಟಿದ ಮೇಲೆ ಅರ್ಜಿ ಹಾಕಿದರೆ ಸಿಗೋದಿಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ನೆರಳು, ಎತ್ತರದ ಕಟ್ಟೆ, ನೀರು ಹೋಗುವ ಚರಂಡಿ ಸರಿ ಇದ್ದರೆ ಸುಗ್ಗಿಯಲ್ಲಿ ಉಳಿಯೋ ಮಾಲು ಸಣ್ಣದಲ್ಲ.

ಬಿತ್ತನೆಯಲ್ಲೂ ಸ್ವಲ್ಪ ಕೈ ಹಿಡಿತ ಇದೆ. ಎರಿ ಹೊಲದಲ್ಲಿ ಸೋಯಾವನ್ನು ಅಗಲ ಏರು ಮಡಿಯ ಮೇಲೆ ಬಿತ್ತಿ ಪಕ್ಕದಲ್ಲಿ ಕಾಲುವೆ ಬಿಟ್ಟರೆ ಜೋರು ಮಳೆಯಲ್ಲಿ ನೀರು ಹರಿದು ಹೋಗುತ್ತದೆ, ಬೇರು ಕೊಳೆಯೋದು ತಪ್ಪುತ್ತದೆ. ಎಲ್ಲ ಹೊಲಕ್ಕೂ ಒಂದೇ ದಿನ ಒಂದೇ ತಳಿ ಬಿತ್ತುವ ಬದಲು ಬೇಗ ಬರುವುದು, ತಡವಾಗಿ ಬರುವುದು ಎರಡೂ ಇಟ್ಟುಕೊಂಡರೆ ಒಂದೇ ಮಳೆಗೆ ಎಲ್ಲ ರಾಶಿ ತೊಯ್ಯೋದಿಲ್ಲ. ಸೋಯಾ ಸಾಲಿನ ನಡುವೆ ತೊಗರಿ ಹಾಕುವ ಹಳೆಯ ರೂಢಿಯ ಬುದ್ಧಿಯೂ ಇದೇ: ಒಂದು ಹೋದರೆ ಇನ್ನೊಂದು.

ಹಣಕ್ಕಿಂತ ಮೊದಲು ಜೀವ. ಬೇಸಿಗೆ ಮಳೆಯ ಜೊತೆ ಸಿಡಿಲು ಬರುತ್ತದೆ. ರಾಶಿ ಮುಚ್ಚಲು ಓಡಿದವರು, ಮರದ ಕೆಳಗೆ ನಿಂತ ಕುರಿ ಕಾಯುವವರು ಅದಕ್ಕೆ ಬಲಿಯಾಗೋದು ಪ್ರತಿ ವರ್ಷದ ಸುದ್ದಿ. ಪುಣೆಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮನೆಯಲ್ಲಿ ಒಂದು ಫೋನ್‌ನಲ್ಲಿ ಇದ್ದರೂ ಸಾಕು.

ಮುಂಗಾರು ಬರೋದಕ್ಕೆ ಇನ್ನೂ ಸಮಯ ಇದೆ. ಅಷ್ಟರಲ್ಲಿ ಬಸವಕಲ್ಯಾಣ, ಹುಮನಾಬಾದ್‌ನ ಪ್ರತಿ ಪಂಚಾಯಿತಿ ಎರಡು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ನಮ್ಮ ಊರಿನ ರಾಶಿ ಒಣಗಿಸಲು ಗಟ್ಟಿ ಜಾಗ ಎಲ್ಲಿದೆ? ಮಳೆ ಬಿದ್ದ ಮರುದಿನ 14447ಕ್ಕೆ ಫೋನ್ ಮಾಡಲು ಬಾರದ ಹಿರಿಯರ ಪರವಾಗಿ ಮಾಡುವವರು ಯಾರು? ಮಳೆ ತಡೆಯೋದು ಯಾರ ಕೈಲೂ ಇಲ್ಲ. ತಾಡಪತ್ರಿ ಮತ್ತು ಆ 72 ಗಂಟೆ ನಮ್ಮ ಕೈಲೇ ಇವೆ.