ಬೀಗ ಹಾಕುವವರು ಅವರು, ಮಾಲು ನಮ್ಮದು



ಕಡಲೆ ರೇಟು ನೆಲಕಚ್ಚಿದಾಗ ದೊಡ್ಡವರು ಓಡಿಬಂದು ಮಾರುಕಟ್ಟೆಗೆ ಬೀಗ ಹಾಕಿದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ರೇಟು ತಲೆ ಎತ್ತಿದಾಗ ಮಾತ್ರ ಅವರಿಗೆ ಬೀಗ ನೆನಪಾಗುತ್ತದೆ.

2021ರ ಆಗಸ್ಟ್‌ನಲ್ಲಿ ಕಡಲೆಯ ವಾಯಿದೆ ವ್ಯಾಪಾರದಲ್ಲಿ ಹೊಸ ಕರಾರು ಕೂಡದು ಎಂದು ಸೆಬಿ ಅಪ್ಪಣೆ ಮಾಡಿತು. ಷೇರುಪೇಟೆ ಕಾಯುವ ಸೆಬಿಗೇ 2015ರಿಂದ ನಮ್ಮ ಕಾಳುಕಡಿಯ ವಾಯಿದೆ ಪೇಟೆಯ ಯಜಮಾನಿಕೆಯೂ ಸೇರಿದೆ. ಅಕ್ಟೋಬರ್‌ನಲ್ಲಿ ಸಾಸಿವೆಯ ಸರದಿ. ಡಿಸೆಂಬರ್‌ನಲ್ಲಿ ಒಂದೇ ಏಟಿಗೆ ಏಳು ಸರಕು: ಬಾಸ್ಮತಿ ಬಿಟ್ಟು ಉಳಿದ ಭತ್ತ, ಗೋಧಿ, ಕಡಲೆ, ಸಾಸಿವೆ, ಸೋಯಾ, ಕಚ್ಚಾ ತಾಳೆಎಣ್ಣೆ, ಹೆಸರು. ಒಂದು ವರ್ಷ ಅಂದರು. ಆಮೇಲೆ ಇನ್ನೊಂದು ವರ್ಷ, ಮತ್ತೊಂದು ವರ್ಷ. 2024ರ ಡಿಸೆಂಬರ್‌ನಲ್ಲಿ ಒಂದು ತಿಂಗಳು ಚಿಲ್ಲರೆ, ಬಳಿಕ ಎರಡು ತಿಂಗಳು, ಅದೂ ಸಾಲದೆಂದು 2026ರ ಮಾರ್ಚ್‌ವರೆಗೆ ಎಳೆದರು. ಸೊಸೈಟಿ ಸಾಲದ ಗಡುವು ಹೀಗೆ ತಾನಾಗಿ ಮುಂದಕ್ಕೆ ಹೋಗಿದ್ದುಂಟೇ ಸ್ವಾಮಿ?

ಮೂರು ತಿಂಗಳ ಮೇಲೆ ಕೊಡುವ ಮಾಲಿಗೆ ಇವತ್ತೇ ದರ ಕಟ್ಟಿಕೊಳ್ಳೋದೇ ವಾಯಿದೆ ವ್ಯಾಪಾರ. ಅಮಾನತು ಅಂದರೆ ಹೊಸ ಕರಾರು ಬಂದ್. ಕೈಯಲ್ಲಿರುವುದನ್ನು ಚುಕ್ತಾ ಮಾಡಿ ಹೊರಗೆ ನಡೆಯಬೇಕು. ಕೊಂಡವರೆಲ್ಲ ಒಮ್ಮೆಗೇ ಮಾರಲು ನುಗ್ಗಿದರೆ ರೇಟು ಎಲ್ಲಿಗೆ ಹೋಗುತ್ತೆ ಅನ್ನೋದು ಸಂತೆಗೆ ಹೋದವರಿಗೆಲ್ಲ ಗೊತ್ತು. ಪೇಟೆಯ ಷೇರುದಾರನಿಗೂ ಇಂಥ ಕಷ್ಟ ಇದೆ. ಕಂಪನಿಯ ಷೇರನ್ನು ಅಮಾನತು ಮಾಡಿದರೆ, ತಿರುಗಿ ಬಾಗಿಲು ತೆಗೆಯುವ ತನಕ ಅವನ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಅವನ ಷೇರಿಗೆ ಹುಳ ಬೀಳೋದಿಲ್ಲ, ನಮ್ಮ ಕಡಲೆಗೆ ಬೀಳುತ್ತೆ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಸುರಿದು ನಾಲ್ಕು ತಿಂಗಳು ಆಕಾಶ ನೋಡುತ್ತಾ ಕೂತವನಿಗಿಂತ ದೊಡ್ಡ ಹೂಡಿಕೆದಾರ ಯಾರಿದ್ದಾನೆ?

ಅದು ಸಟ್ಟಾ, ನಮಗ್ಯಾಕೆ ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರ ಮಾತು ತೀರಾ ಸುಳ್ಳಲ್ಲ. ಕಡಲೆಯ ಒಂದು ಕರಾರಿಗೇ 10 ಟನ್ ಮಾಲು ಬೇಕಿತ್ತು. ಎರಡೆಕರೆಯವನು ಆ ಬಾಗಿಲಿಗೆ ಹೋಗುವ ಹಾಗೇ ಇರಲಿಲ್ಲ. ಸಟ್ಟಾಕೋರರ ಪರ ವಕಾಲತ್ತು ನನ್ನದಲ್ಲ, ಅವರು ಮುಳುಗಿದರೆ ಮುಳುಗಲಿ. ಆದರೆ ಆ ಫಲಕದ ಮೇಲೆ ಮುಂದಿನ ತಿಂಗಳ ರೇಟು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದನ್ನು ನೋಡಿ ಈಗ ಮಾರೋಣವೋ, ಉಗ್ರಾಣದಲ್ಲಿ ಇಡೋಣವೋ ಅಂತ ರೈತ ಯೋಚಿಸಬಹುದಿತ್ತು. ಫಲಕ ಅಳಿಸಿದ ಮೇಲೆ ಉಳಿದದ್ದು ದಲಾಲಿಯ ಬಾಯಿಮಾತು ಮಾತ್ರ.

ಬೆಲೆ ಏರಿಕೆ ತಡೆಯೋಕೆ ಮಾಡಿದ್ದು ಅಂತಾರೆ. ಅದಕ್ಕೂ ಮೊದಲೇ ಸರ್ಕಾರವೇ ನೇಮಿಸಿದ ಅಭಿಜಿತ್ ಸೇನ್ ಸಮಿತಿ, ವಾಯಿದೆ ವ್ಯಾಪಾರದಿಂದಲೇ ಬೆಲೆ ಏರಿತು ಅನ್ನಲು ಖಚಿತ ಆಧಾರ ಸಿಗಲಿಲ್ಲವೆಂದು 2008ರಲ್ಲಿ ವರದಿ ಕೊಟ್ಟಿತ್ತು. ಇರಲಿ, ಏರಿಕೆ ತಡೆದರು ಅಂತಲೇ ಒಪ್ಪೋಣ. 2022ರ ಸುಗ್ಗಿಯಲ್ಲಿ ಬೆಂಬಲ ಬೆಲೆ 5,230 ರೂಪಾಯಿ ಇದ್ದಾಗ ಕಡಲೆ ಅದಕ್ಕಿಂತ ಕೆಳಗೆ ಮಾರಾಟವಾಯಿತಲ್ಲ, ಆಗ ಬೀಗ ತೆಗೆಯಬೇಕಿತ್ತೋ ಇಲ್ಲವೋ? ತೆಗೆಯಲಿಲ್ಲ, ಡಿಸೆಂಬರ್‌ನಲ್ಲಿ ಇನ್ನೊಂದು ವರ್ಷ ಮುಂದೂಡಿದರು. 2024ರಲ್ಲಿ ಸೋಯಾದ ಬೆಂಬಲ ಬೆಲೆ 4,892. ಪೇಟೆಯ ರೇಟು ಅದರ ಕೆಳಗೆ ಜಾರಿತು. ಬೀಗ ಹಾಗೇ ಇತ್ತು. ಇನ್ನು ಅದೇ 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಡೀಸೆಲ್ ಲೀಟರಿಗೆ 100 ರೂಪಾಯಿ ದಾಟಿತು. ಕಚ್ಚಾ ತೈಲದ ವಾಯಿದೆ ವ್ಯಾಪಾರ ಮಾತ್ರ ಎಂದಿನಂತೆ ನಡೆದೇ ಇತ್ತು!

ನಾವು ಕೇಳಬೇಕಾದ್ದು ಇಷ್ಟು. ಅಮಾನತು ಯಾವ ರೇಟಿಗೆ ಬೀಳುತ್ತೆ, ಯಾವ ರೇಟಿಗೆ ಏಳುತ್ತೆ ಅನ್ನೋದನ್ನು ಬಿತ್ತನೆಗೆ ಮೊದಲೇ ಬರೆದು ಪ್ರಕಟಿಸಿ. ರೇಟು ಬೆಂಬಲ ಬೆಲೆಗಿಂತ ಕೆಳಗಿಳಿದ ದಿನ ಬೀಗ ತಾನಾಗಿ ಕಳಚಲಿ. ಹಾಗೆ ಮಾಡಲಾಗದಿದ್ದರೆ, ಬೀಗ ಇರುವಷ್ಟು ದಿನ ಬೆಂಬಲ ಬೆಲೆಗೆ ಪೂರ್ತಿ ಮಾಲು ಕೊಳ್ಳುವ ಹೊಣೆ ಬೀಗ ಹಾಕಿದವರದೇ ಆಗಲಿ.

ಕಲಬುರಗಿಯ ತೊಗರಿ ಬೆಳೆಗಾರರನ್ನು ಕೇಳಿ ನೋಡಿ. ತೊಗರಿಯ ವಾಯಿದೆ ವ್ಯಾಪಾರ ನಿಂತದ್ದು 2007ರ ಜನವರಿಯಲ್ಲಿ. ಹತ್ತು ವರ್ಷದ ಮೇಲೆ, 2016–17ರ ಸುಗ್ಗಿಯಲ್ಲಿ 5,050 ರೂಪಾಯಿಯ ಬೆಂಬಲ ಬೆಲೆಯೂ ಪೇಟೆಯಲ್ಲಿ ಸಿಗದೆ ಅವರು ಖರೀದಿ ಕೇಂದ್ರದ ಮುಂದೆ ಸಾಲುಗಟ್ಟಿ ನಿಂತರು. ಆಗಲೂ ಬೀಗ ಹಾಗೇ ಇತ್ತು.